ಬಳುವಳಿಯೂ ಪಾಲೂ

ಇಂಗ್ಲಿಷಿನಲ್ಲಿ ‘ಇನ್‌ಹೆರಿಟ್’ ಎಂಬ ಕ್ರಿಯಾಪದವಿದೆ. ಹೊಲ, ಮನೆ, ಮೂಗಿನ ಆಕಾರ, ಸಕ್ಕರೆ ಕಾಯಿಲೆ, ಹಿಂದಿನ ಸರಕಾರದ ತಾಪತ್ರಯ ಎಲ್ಲವನ್ನೂ ಅದೊಂದೇ ಹೊರುತ್ತದೆ. ಕನ್ನಡದಲ್ಲಿ ಅದಕ್ಕೆ ಸರಿಜೋಡಿಯಾದ ಒಂದು ಕ್ರಿಯಾಪದವಿಲ್ಲ. ನಾವು ‘ಬಂತು’ ಎಂದುಬಿಡುತ್ತೇವೆ. ಹೊಲ ಅಪ್ಪನಿಂದ ಬಂತು, ಸಿಟ್ಟು ಅಜ್ಜನಿಂದ ಬಂತು. ಇಂಗ್ಲಿಷ್ ವಾಕ್ಯದಲ್ಲಿ ವಾರಸುದಾರನೇ ಕರ್ತೃ. ನಮ್ಮಲ್ಲಿ ಹೊಲವೇ ನಡೆದು ಬರುತ್ತದೆ, ನಾವು ಬಾಗಿಲಲ್ಲಿ ನಿಂತಿರುತ್ತೇವೆ.

ಅನುವಾದಕರು ಇದನ್ನು ‘ಬಳುವಳಿಯಾಗಿ ಪಡೆದ’ ಎಂದು ಬರೆಯುವುದುಂಟು. ಗಂಗೂಬಾಯಿ ಹಾನಗಲ್ ಅವರಿಗೆ ಸಂಗೀತ ತಾಯಿಯ ಬಳುವಳಿ ಎಂದರೆ ಕೇಳಲು ಸೊಗಸು. ಆದರೆ ತಾಯಿ ಅಂಬಾಬಾಯಿ ಹಾಡುತ್ತಿದ್ದುದು ಕರ್ನಾಟಕ ಸಂಗೀತ. ಮಗಳು ಕುಂದಗೋಳದ ಸವಾಯಿ ಗಂಧರ್ವರಲ್ಲಿ ವರ್ಷಗಟ್ಟಲೆ ಕಲಿತದ್ದು ಕಿರಾನಾ ಘರಾಣೆಯ ಹಿಂದುಸ್ತಾನಿ. ದುಡಿದು ಗಳಿಸಿದ್ದನ್ನೂ ಬಂದದ್ದರ ಲೆಕ್ಕಕ್ಕೆ ಸೇರಿಸಿದರೆ ದುಡಿಮೆಗೇ ಅನ್ಯಾಯ.

ನನ್ನ ದೊಡ್ಡ ತಕರಾರು ಬೇರೆ. ಬಳುವಳಿ ಎಂದರೆ ಮದುವೆಯಾಗಿ ಹೋಗುವ ಮಗಳಿಗೆ ತವರು ಕೊಡುವ ಉಡುಗೊರೆ. ಅದು ಕೊಡುವವರ ಪ್ರೀತಿ. ಪಾಲು ಹಾಗಲ್ಲ, ಅದು ಪಡೆಯುವವರ ಹಕ್ಕು. ಎರಡನ್ನೂ ಒಂದೇ ಶಬ್ದದಲ್ಲಿ ಕಟ್ಟಿದರೆ ನಷ್ಟ ಯಾರಿಗೆಂದು ಹೇಳಬೇಕಿಲ್ಲ. ನಮ್ಮ ಮನೆಯಲ್ಲಿ ವಾಟ್ನಿಯಾದಾಗ ಅಕ್ಕ ಹಕ್ಕು ಬಿಟ್ಟ ಪತ್ರಕ್ಕೆ ಸಹಿ ಹಾಕಿದಳು. “ಪಾಲ ತಗೊಂಡ್ರ ಪಂಚಮಿಗೆ ಕರಿಯಾಕ ಯಾರ್ ಬರ್ತಾರೋ ತಮ್ಮಾ?” ಎಂದಳು. ಅವಳಿಗೆ ಬಂದದ್ದು ಇಳಕಲ್ ಸೀರೆ. ಉತಾರದಲ್ಲಿ ಏರಿದ್ದು ಗಂಡುಮಕ್ಕಳ ಹೆಸರು.

ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದ ವಿಜ್ಞಾನೇಶ್ವರನು ‘ಮಿತಾಕ್ಷರಾ’ದಲ್ಲಿ ಪಿತ್ರಾರ್ಜಿತದ ಹಕ್ಕು ತಂದೆ ಸತ್ತ ಮೇಲಲ್ಲ, ಹುಟ್ಟಿನಿಂದಲೇ ಎಂದ. ಹುಟ್ಟಿದ್ದು ಗಂಡಾಗಿರಬೇಕು, ಅಷ್ಟೆ. ಕರ್ನಾಟಕದ ತಿದ್ದುಪಡಿ 1994ರಲ್ಲಿ ಜಾರಿಗೆ ಬಂದು ಆವರೆಗೆ ಮದುವೆಯಾಗದ ಹೆಣ್ಣುಮಕ್ಕಳಿಗೂ ಆ ಹಕ್ಕು ಕೊಟ್ಟಿತು. 2005ರ ಕೇಂದ್ರದ ತಿದ್ದುಪಡಿ ಮದುವೆಯ ಭೇದವನ್ನೂ ತೆಗೆಯಿತು. ಆಗ ತಂದೆ ಬದುಕಿರಲೇಬೇಕೆಂದಿಲ್ಲ, ಮಗಳಿಗೂ ಹಕ್ಕು ಹುಟ್ಟಿನಿಂದಲೇ ಎಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿತು. ‘ಹುಟ್ಟಿನಿಂದಲೇ’ ಎಂಬ ಒಂದು ಮಾತು ಮಗನಿಂದ ಮಗಳವರೆಗೆ ನಡೆದು ಬರಲು ಸುಮಾರು ಒಂಬತ್ತು ಶತಮಾನ ಹಿಡಿಯಿತು. ‘ಬಂತು’ ಎನ್ನುವ ನಮ್ಮ ಮಾತು, ತರಲು ಜಗಳವಾಡಿದವರನ್ನು ಮರೆಮಾಚುತ್ತದೆ.

‘ಬಾಧ್ಯ’ ಎಂಬ ಹಳೆಯ ಶಬ್ದವೊಂದಿದೆ. ಕನ್ನಡ ಬೈಬಲ್ಲಿನ ಅನುವಾದಕರು ಈ ಅರ್ಥಕ್ಕೆ ಅದನ್ನೇ ಆರಿಸಿಕೊಂಡರು. ಅದರಲ್ಲಿ ಹಕ್ಕೂ ಇದೆ, ಹೊಣೆಯೂ ಇದೆ. ಹೊಲದ ಜೊತೆ ಸೊಸೈಟಿಯ ಸಾಲವೂ ಬರುತ್ತದೆಂದು ಬಲ್ಲ ನಮ್ಮ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಗಳು ಬಾಧ್ಯಳು ಎಂದು ಬರೆಯೋಣ. ಬಳುವಳಿ ಎಂಬ ಚೆಂದದ ಮಾತು ಸೀರೆ, ಕುಪ್ಪಸಗಳಿಗೆ ಇರಲಿ.