ಈಟಿಗೂ ಬಹುಮಾನಕ್ಕೂ ನಡುವೆ ಒಂದು ವಾರ

ಬೈಬಲ್ಲಿನ ನಾಲ್ಕನೆಯ ಪುಸ್ತಕವನ್ನು ಇಂಗ್ಲಿಷಿನವರು ‘ನಂಬರ್ಸ್’ ಎನ್ನುತ್ತಾರೆ. ಅದರಲ್ಲಿ ಜನಗಣತಿಯ ಲೆಕ್ಕ ಬರುವುದರಿಂದ ಆ ಹೆಸರು. ಹೀಬ್ರೂವಿನಲ್ಲಿ ಅದು ‘ಬಮಿದ್ಬಾರ್’, ಅಂದರೆ ‘ಅರಣ್ಯದಲ್ಲಿ’, ‘ಬೆಂಗಾಡಿನಲ್ಲಿ’. ಕನ್ನಡದ ಬೈಬಲ್ಲಿನಲ್ಲಿ ಅದಕ್ಕೆ ‘ಅರಣ್ಯಕಾಂಡ’ ಎಂಬ ಹೆಸರಿದೆ. ಹೀಬ್ರೂವಿಗೆ ಇಂಗ್ಲಿಷಿಗಿಂತ ಹತ್ತಿರದ ಹೆಸರು. ರಾಮಾಯಣ ಕೇಳಿ ಬೆಳೆದ ಕಿವಿಗೆ ಬೇರೊಂದು ಕಾಡೂ ನೆನಪಾಗುತ್ತದೆ. ಈ ಅರಣ್ಯಕಾಂಡದ 25ನೆಯ ಅಧ್ಯಾಯದಲ್ಲಿ ಒಂದು ಕೊಲೆ ಇದೆ. ಅದನ್ನು ಯೆಹೂದ್ಯರು ವಾರದ ಪಾಠವಾಗಿ ಹೇಗೆ ಓದುತ್ತಾರೆ ಎಂಬುದರ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ.

ಕಥೆ ಚಿಕ್ಕದು. ಇಸ್ರಾಯೇಲ್ಯರು ಮೋವಾಬಿನ ಬಯಲಿನಲ್ಲಿ ಬೀಡುಬಿಟ್ಟಿದ್ದಾರೆ. ಅಲ್ಲಿನ ಹೆಂಗಸರ ಸಂಗವಾಗುತ್ತದೆ, ಅವರ ದೇವರಿಗೆ ಅಡ್ಡಬೀಳುವುದೂ ಆಗುತ್ತದೆ. ದೇವರು ಸಿಟ್ಟಾಗುತ್ತಾನೆ, ಪಾಳೆಯದಲ್ಲಿ ವ್ಯಾಧಿ ಹರಡುತ್ತದೆ. ಜನ ಗುಡಾರದ ಬಾಗಿಲಲ್ಲಿ ಅಳುತ್ತಿರುವಾಗ ಒಬ್ಬ ಇಸ್ರಾಯೇಲ್ಯ ಎಲ್ಲರ ಕಣ್ಣೆದುರೇ ಮಿದ್ಯಾನಿನ ಹೆಂಗಸೊಬ್ಬಳನ್ನು ಕರೆದುಕೊಂಡು ಬರುತ್ತಾನೆ. ಆರೋನನ ಮೊಮ್ಮಗ ಫೀನೆಹಾಸ ಎದ್ದು, ಈಟಿ ಹಿಡಿದು, ಅವರ ಹಿಂದೆಯೇ ಒಳಗೆ ಹೋಗಿ ಇಬ್ಬರನ್ನೂ ತಿವಿದು ಕೊಲ್ಲುತ್ತಾನೆ. ವ್ಯಾಧಿ ನಿಲ್ಲುತ್ತದೆ. ಅಷ್ಟರಲ್ಲಿ ಸತ್ತವರು 24,000 ಮಂದಿ. ಮುಂದಿನ ಮಾತಿನಲ್ಲೇ ದೇವರು ಫೀನೆಹಾಸನನ್ನು ಮೆಚ್ಚಿ ಅವನಿಗೆ ಸಮಾಧಾನದ ಒಡಂಬಡಿಕೆಯನ್ನೂ ಶಾಶ್ವತ ಯಾಜಕತ್ವವನ್ನೂ ಕೊಡುತ್ತಾನೆ.

ಕನ್ನಡ ಬೈಬಲ್ಲಿನಲ್ಲಿ ಇದೆಲ್ಲ ಒಂದೇ ಅಧ್ಯಾಯ. ಎರಡು ನಿಮಿಷದಲ್ಲಿ ಓದಿ ಮುಗಿಸಬಹುದು. ಒಂಬತ್ತನೆಯ ವಚನದಲ್ಲಿ ಹೆಣಗಳ ಲೆಕ್ಕ, ಹತ್ತರಲ್ಲಿ ದೇವರ ಮಾತು, ಅಲ್ಲಿಂದಾಚೆಗೆ ಬಹುಮಾನ. ಕಣ್ಣು ತಡವರಿಸುವುದಿಲ್ಲ.

ಆದರೆ ಅಧ್ಯಾಯಗಳ ವಿಂಗಡಣೆ 13ನೆಯ ಶತಮಾನದ ಹೊತ್ತಿಗೆ ಕ್ರೈಸ್ತ ಯುರೋಪಿನಲ್ಲಿ ನೆಲೆಗೊಂಡದ್ದು. ಸಿನಗಾಗ್‌ನಲ್ಲಿ ಓದುವ ತೋರಾದ ಸುರುಳಿಯಲ್ಲಿ ಅಧ್ಯಾಯದ ಸಂಖ್ಯೆಗಳಿಲ್ಲ, ಸ್ವರಚಿಹ್ನೆಗಳಿಲ್ಲ, ವಿರಾಮಚಿಹ್ನೆಗಳೂ ಇಲ್ಲ. ಅಲ್ಲಲ್ಲಿ ಬಿಟ್ಟ ಖಾಲಿ ಜಾಗಗಳು ಮಾತ್ರ ಇವೆ. ಐದು ಪುಸ್ತಕಗಳನ್ನು 54 ಪಾಠಗಳಾಗಿ ಹಂಚಿ, ಒಂದೊಂದು ಸಬ್ಬತ್ತಿಗೆ ಒಂದೊಂದರಂತೆ, ಕೆಲವು ವಾರ ಎರಡನ್ನು ಜೋಡಿಸಿ, ವರ್ಷಕ್ಕೊಮ್ಮೆ ಮುಗಿಸುತ್ತಾರೆ. ಮುಗಿದ ದಿನವೇ ಮತ್ತೆ ಮೊದಲಿನಿಂದ ಶುರು. ಪಾಠಕ್ಕೆ ‘ಪಾರಾಶಾ’ ಎಂದು ಹೆಸರು. ಇದು ಬಾಬಿಲೋನಿನ ಯೆಹೂದ್ಯರ ಪದ್ಧತಿ. ಪ್ಯಾಲೆಸ್ಟೈನಿನವರು ಸುಮಾರು ಮೂರು ವರ್ಷ ತೆಗೆದುಕೊಂಡು ಓದುತ್ತಿದ್ದರು. 12ನೆಯ ಶತಮಾನದಲ್ಲಿ ಪ್ರವಾಸಿ ತುದೇಲಾದ ಬೆಂಜಮಿನ್ ಈಜಿಪ್ಟಿಗೆ ಹೋದಾಗ ಒಂದೇ ಊರಿನ ಎರಡು ಸಿನಗಾಗ್‌ಗಳಲ್ಲಿ ಈ ಎರಡು ಕ್ರಮಗಳೂ ನಡೆಯುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಕೊನೆಗೆ ಉಳಿದದ್ದು ಬಾಬಿಲೋನಿನ ಕ್ರಮ.

ಆ ಕ್ರಮದಲ್ಲಿ ‘ಬಾಲಾಕ’ ಎಂಬ ಪಾಠ ಮುಗಿಯುವುದು ಎಲ್ಲಿ? 25ನೆಯ ಅಧ್ಯಾಯದ ಒಂಬತ್ತನೆಯ ವಚನದಲ್ಲಿ, ಹೆಣಗಳ ಲೆಕ್ಕದ ಬಳಿ. ‘ಫೀನೆಹಾಸ’ ಎಂಬ ಮುಂದಿನ ಪಾಠ ಹತ್ತನೆಯ ವಚನದಿಂದ ಶುರುವಾಗುತ್ತದೆ. ನಡುವೆ ಒಂದು ವಾರ.

ಅಂದರೆ ಸಬ್ಬತ್ತಿನ ಬೆಳಗ್ಗೆ ಕೊಲೆಯನ್ನು ಕೇಳಿದ ಜನ ಅದು ಸರಿಯೋ ತಪ್ಪೋ ಎಂಬುದನ್ನು ಕೇಳದೆ ಮನೆಗೆ ಹೋಗುತ್ತಾರೆ. ಏಳು ದಿನ ಆ ಎರಡು ಹೆಣಗಳು ಹಾಗೇ ಬಿದ್ದಿರುತ್ತವೆ. ನಮ್ಮ ಗಮಕದಲ್ಲಿ ವಾಚನಕಾರರು ನಿಲ್ಲಿಸಿದ ಕಡೆ ವ್ಯಾಖ್ಯಾನಕಾರರು ಮಾತು ಎತ್ತಿಕೊಳ್ಳುತ್ತಾರೆ. ಎಲ್ಲಿ ನಿಲ್ಲಿಸುವುದು ಎಂಬ ತೀರ್ಮಾನದಲ್ಲೇ ಅರ್ಧ ವ್ಯಾಖ್ಯಾನ ಆಗಿಹೋಗಿರುತ್ತದೆ. ಇಲ್ಲಿ ಆ ಕೆಲಸವನ್ನು ಪಂಚಾಂಗ ಮಾಡಿದೆ. ಅದಕ್ಕೂ ಮೇಲೆ, ಬಾಲಾಕನ ಪಾಠ ಶುರುವಾಗುವುದು ತಮಾಷೆಯಿಂದ. ಶಪಿಸಲು ಹೊರಟ ಬಿಳಾಮನ ಕತ್ತೆ ಮಾತನಾಡುತ್ತದೆ, ಶಾಪಗಳೆಲ್ಲ ಬಾಯಿಯಲ್ಲಿ ಹರಕೆಗಳಾಗುತ್ತವೆ, ಯಾಕೋಬನ ಗುಡಾರಗಳು ಎಷ್ಟು ಚೆಂದ ಎಂದು ಶತ್ರುವಿನ ಕಡೆಯವನೇ ಹೊಗಳುತ್ತಾನೆ. ಅದೇ ಪಾಠ ಕೊನೆಗೆ ಗುಡಾರವೊಂದರೊಳಗಿನ ನೆತ್ತರಲ್ಲಿ ನಿಲ್ಲುತ್ತದೆ.

ನಾನು ಈ ಪರಂಪರೆಗೆ ಹೊರಗಿನ ಓದುಗಳು. ವ್ಯಾಖ್ಯಾನ ಪರಂಪರೆಗಳ ಮೇಲೆ ಸಂಶೋಧನೆ ಮಾಡುತ್ತಿರುವುದರಿಂದ ಎರಡು ವರ್ಷಗಳಿಂದ ಈ ಪಂಚಾಂಗ ಹಿಡಿದು ವಾರವಾರ ಓದುತ್ತಿದ್ದೇನೆ. ಹೀಬ್ರೂ ಅಕ್ಷರ ಕೂಡಿಸಿ ಓದುವಷ್ಟು ಬರುತ್ತದೆ, ಉಳಿದದ್ದಕ್ಕೆ ಅನುವಾದಗಳೇ ಗತಿ. ಹೀಗೆ ಓದುವುದರಲ್ಲಿ ಒಂದು ಶಿಸ್ತಿದೆ. ಇಷ್ಟವಾದದ್ದನ್ನು ಆರಿಸಿಕೊಳ್ಳುವ ಹಾಗಿಲ್ಲ. ಕುಷ್ಠದ ನಿಯಮಗಳ ವಾರ ಕುಷ್ಠ, ಬಲಿಯ ವಾರ ಬಲಿ. ಸಾಮಾನ್ಯವಾಗಿ ಜುಲೈ ಬಂತೆಂದರೆ ಫೀನೆಹಾಸ.

ತಾಲ್ಮೂಡಿನ ಪಂಡಿತರು ಈ ಘಟನೆಯ ಮುಂದೆ ಇರುಸುಮುರುಸುಗೊಂಡು ನಿಂತಿರುವುದು ಕಾಣುತ್ತದೆ. ಯೆರೂಸಲೇಮಿನ ತಾಲ್ಮೂಡಿನ ಪ್ರಕಾರ ಫೀನೆಹಾಸ ಮಾಡಿದ್ದು ಪಂಡಿತರಿಗೆ ಒಪ್ಪಿಗೆಯಿರಲಿಲ್ಲ; ದೇವರೇ ನಡುವೆ ಬಾರದಿದ್ದರೆ ಅವನಿಗೆ ಬಹಿಷ್ಕಾರ ಹಾಕುತ್ತಿದ್ದರು. ಬಾಬಿಲೋನಿನ ತಾಲ್ಮೂಡಿನ ಸನ್ಹೆದ್ರಿನ್ ಭಾಗ ಇನ್ನೂ ಸೂಕ್ಷ್ಮ. ಹೀಗೆ ಮಾಡಬಹುದೇ ಎಂದು ಯಾರಾದರೂ ಬಂದು ಕೇಳಿದರೆ ಮಾಡು ಎಂದು ಹೇಳಕೂಡದು ಎನ್ನುತ್ತದೆ ಅದು. ಆ ಗಂಡಸು ತಿರುಗಿಬಿದ್ದು ಫೀನೆಹಾಸನನ್ನೇ ಕೊಂದಿದ್ದರೆ ಅವನಿಗೆ ಶಿಕ್ಷೆಯಾಗುತ್ತಿರಲಿಲ್ಲ ಎಂದೂ ಹೇಳುತ್ತದೆ. ಕಾರಣ, ಆ ಗಳಿಗೆಯಲ್ಲಿ ಫೀನೆಹಾಸ ಒಬ್ಬ ‘ರೋದೆಫ್’, ಕೊಲ್ಲಲು ಬೆನ್ನಟ್ಟಿ ಬಂದವನು. ಬೆನ್ನಟ್ಟಿ ಬಂದವನಿಂದ ಜೀವ ಉಳಿಸಿಕೊಳ್ಳುವ ಹಕ್ಕು ಎಲ್ಲರಿಗೂ ಇದೆ. ದೇವರು ಮೆಚ್ಚಿದ ವ್ಯಕ್ತಿಯನ್ನು ಕಾನೂನಿನ ಕಟಕಟೆಯಲ್ಲಿ ನಿಲ್ಲಿಸಿ ಹೀಗೆ ಮಾತನಾಡಲು ಧೈರ್ಯ ಬೇಕು. ಅದೇ ಪುಟಗಳಲ್ಲಿ ಸಾಯಲಿರುವ ಆ ಗಂಡಸು ಮೋಶೆಯನ್ನೇ ಕೆಣಕುವ ಸನ್ನಿವೇಶವೂ ಇದೆ. ಮಿದ್ಯಾನಿನವಳು ನನಗೆ ನಿಷಿದ್ಧವಾದರೆ ಇತ್ರೋವನ ಮಗಳನ್ನು ನಿನಗೆ ಯಾರು ಅನುಮತಿಸಿದರು ಎಂಬುದು ಅವನ ಪ್ರಶ್ನೆ. ಮೋಶೆಯ ಹೆಂಡತಿ ಚಿಪ್ಪೋರಳೂ ಮಿದ್ಯಾನಿನವಳೇ. ಮೂಲದಲ್ಲಿಲ್ಲದ ಈ ಪ್ರಶ್ನೆಯನ್ನು ಹುಟ್ಟಿಸಿದವರು ವ್ಯಾಖ್ಯಾನಕಾರರು, ಅದೂ ತಪ್ಪಿತಸ್ಥನ ಬಾಯಿಯಲ್ಲಿ.

ಇನ್ನು ರಾಶಿ. 1040ರಿಂದ 1105ರವರೆಗೆ ಬದುಕಿದ್ದ, ಫ್ರಾನ್ಸಿನ ತ್ರ್ವಾ ಊರಿನ ವ್ಯಾಖ್ಯಾನಕಾರ. ಅವನನ್ನು ಓದುವ ಬಗೆಯನ್ನು ನಾನು ಕಲಿತದ್ದು ನೆಹಾಮಾ ಲೈಬೋವಿಟ್ಸ್ ಅವರಿಂದ. ಆಕೆ 1905ರಲ್ಲಿ ರೀಗಾದಲ್ಲಿ ಹುಟ್ಟಿ 1997ರಲ್ಲಿ ಯೆರೂಸಲೇಮಿನಲ್ಲಿ ತೀರಿಕೊಂಡರು. 1942ರಲ್ಲಿ ಕಿಬ್ಬುತ್ಸಿನ ಕೆಲವು ಹೆಂಗಸರು ತಮ್ಮ ಓದು ನಿಲ್ಲಬಾರದೆಂದು ಕೇಳಿಕೊಂಡಾಗ, ವಾರದ ಪಾಠದ ಮೇಲೆ ಪ್ರಶ್ನೆಗಳ ಹಾಳೆಯನ್ನು ಅಂಚೆಯಲ್ಲಿ ಕಳಿಸಲು ಶುರುಮಾಡಿದರು. ಅದು ಸುಮಾರು 30 ವರ್ಷ ನಡೆಯಿತು. ಹಾಳೆಯಲ್ಲಿ ಉತ್ತರಗಳಿರುತ್ತಿರಲಿಲ್ಲ. ಓದುಗರು ಬರೆದು ಕಳಿಸಿದ್ದನ್ನು ಆಕೆ ಕೆಂಪು ಶಾಯಿಯಲ್ಲಿ ತಿದ್ದಿ ಹಿಂದಿರುಗಿಸುತ್ತಿದ್ದರು. ಆಕೆ ಮತ್ತೆ ಮತ್ತೆ ಕೇಳುತ್ತಿದ್ದ ಪ್ರಶ್ನೆ ಒಂದೇ: ಇಲ್ಲಿ ರಾಶಿಗೆ ಏನು ತೊಡಕಾಯಿತು? ಸಾಹಿತ್ಯದ ತರಗತಿಗಳಲ್ಲಿ ಕವಿಯ ಆಶಯದ ಬಗ್ಗೆ ನಾವು ಬರೆಯುವ ಉದ್ದುದ್ದ ಉತ್ತರಗಳಿಗಿಂತ ಈ ಚಿಕ್ಕ ಪ್ರಶ್ನೆ ಹೆಚ್ಚು ಕೆಲಸ ಮಾಡುತ್ತದೆ.

ಇಲ್ಲಿ ತೊಡಕು ಏನು? ಹನ್ನೊಂದನೆಯ ವಚನದಲ್ಲಿ ಫೀನೆಹಾಸನನ್ನು ಎಲ್ಲಾಜಾರನ ಮಗ, ಆರೋನನ ಮೊಮ್ಮಗ ಎಂದು ಪರಿಚಯಿಸಲಾಗಿದೆ. ಆ ವಂಶಾವಳಿಯನ್ನು ನಾಲ್ಕು ವಚನಗಳ ಹಿಂದೆ ಆಗಲೇ ಹೇಳಿಯಾಗಿದೆ. ಮತ್ತೆ ಯಾಕೆ? ತಾಲ್ಮೂಡನ್ನು ಅನುಸರಿಸಿ ರಾಶಿ ಕೊಡುವ ಉತ್ತರ ಇದು: ಜನ ಫೀನೆಹಾಸನನ್ನು ಆಡಿಕೊಳ್ಳುತ್ತಿದ್ದರು. ಇವನ ತಾಯಿಯ ತಂದೆ ವಿಗ್ರಹಗಳಿಗೆ ಕರು ಕೊಬ್ಬಿಸಿ ಬಲಿಕೊಡುತ್ತಿದ್ದವನು, ಇಂಥವನು ಇಸ್ರಾಯೇಲಿನ ಕುಲನಾಯಕನನ್ನು ಕೊಂದನೇ ಎನ್ನುತ್ತಿದ್ದರು. ಆ ಬಾಯಿಗಳನ್ನು ಮುಚ್ಚಿಸಲು ಗ್ರಂಥ ಅವನನ್ನು ಆರೋನನಿಗೆ ಕಟ್ಟಿತು. ರಾಶಿ ಇಲ್ಲಿ ಫೀನೆಹಾಸನ ಪರ ನಿಂತಿದ್ದಾನೆ, ಅದರಲ್ಲಿ ಅನುಮಾನವಿಲ್ಲ. ಆದರೆ ಪರ ವಹಿಸುವಾಗಲೇ ವಿರೋಧಿಗಳ ಗುಂಪನ್ನೂ ಪುಟಕ್ಕೆ ತಂದು ನಿಲ್ಲಿಸುತ್ತಾನೆ. ಮೂಲದಲ್ಲಿ ಯಾರೂ ಗೊಣಗುವುದಿಲ್ಲ. ವ್ಯಾಖ್ಯಾನದಲ್ಲಿ ಪಾಳೆಯವೆಲ್ಲ ಗೊಣಗುತ್ತಿದೆ. ಇನ್ನೊಂದು ವ್ಯಂಗ್ಯ: ಯೆಹೂದ್ಯ ಪರಂಪರೆಯಲ್ಲಿ ಆರೋನನೆಂದರೆ ಜಗಳ ಬಿಡಿಸುವವನು, ಶಾಂತಿಯ ಬೆನ್ನು ಹತ್ತಿದವನು. ಅಂಥವನ ಮೊಮ್ಮಗ ಈಟಿ ಹಿಡಿದವನು.

ವಾರದ ವಿರಾಮವನ್ನು ಗಮನಿಸುತ್ತ ಓದಿದಾಗ ನನಗೆ ಇನ್ನೊಂದು ಸಂಗತಿ ಕಂಡಿತು. ಕೊಲೆಯಾಗುವಾಗ ಸತ್ತವರಿಗೆ ಹೆಸರಿಲ್ಲ. ಒಬ್ಬ ಇಸ್ರಾಯೇಲ್ಯ, ಒಬ್ಬಳು ಮಿದ್ಯಾನಿನವಳು, ಅಷ್ಟೇ. ಹೆಸರುಗಳು ಬರುವುದು ಎರಡನೆಯ ಪಾಠದಲ್ಲಿ, ಬಹುಮಾನ ಘೋಷಣೆಯಾದ ಮೇಲೆ. ಅವನು ಸಾಲೂವಿನ ಮಗ ಜಿಮ್ರೀ, ಸಿಮೆಯೋನ ಕುಲದ ನಾಯಕ. ಅವಳು ಚೂರನ ಮಗಳು ಕೊಜ್ಬೀ, ಅವಳ ತಂದೆ ಮಿದ್ಯಾನಿನ ಮುಖಂಡ. ಒಂದು ವಾರ ಅವರು ‘ಜಾತಿ ಕೆಟ್ಟವರು’ ಮಾತ್ರ. ಮುಂದಿನ ವಾರ ಅವರಿಗೆ ಅಪ್ಪಂದಿರಿದ್ದಾರೆ, ಮನೆತನವಿದೆ. ಕೊಂದವನನ್ನು ಹೊಗಳಿದ ಬಾಯಿ ಉಸಿರು ತೆಗೆದುಕೊಂಡು ಸತ್ತವರ ಹೆಸರು ಹೇಳುತ್ತದೆ. ಕೊಜ್ಬೀ ಎಂಬ ಹೆಸರಿನಲ್ಲಿ ಹೀಬ್ರೂ ಕಿವಿಗೆ ‘ಸುಳ್ಳು’ ಎಂಬ ಧಾತು ಕೇಳಿಸುತ್ತದೆ. ಅಕ್ಕಾಡಿಯನ್ ಭಾಷೆಯಲ್ಲಿ ಅದಕ್ಕೆ ಹತ್ತಿರದ ‘ಕುಜ್ಬು’ ಎಂದರೆ ಚೆಲುವು, ಸೊಂಪು. ಅವಳ ಮನೆಯವರು ಯಾವ ಅರ್ಥದಲ್ಲಿ ಮಗಳಿಗೆ ಹೆಸರಿಟ್ಟಿರಬಹುದು ಎಂಬುದಕ್ಕೆ ನನಗೆ ಎರಡನೆಯದೇ ಸರಿ ಅನ್ನಿಸುತ್ತದೆ. ಯಾವ ತಂದೆ ಮಗಳನ್ನು ಸುಳ್ಳಿ ಎಂದು ಕರೆದಾನು?

ಸಮಾಧಾನದ ಒಡಂಬಡಿಕೆ ಎಂದೆನಲ್ಲ, ಅಲ್ಲಿರುವ ‘ಶಾಲೋಮ್’ ಪದವನ್ನು ಸುರುಳಿಯಲ್ಲಿ ವಿಚಿತ್ರವಾಗಿ ಬರೆಯುತ್ತಾರೆ. ಅದರ ‘ವಾವ್’ ಅಕ್ಷರ ಒಂದು ನೆಟ್ಟನೆಯ ಗೆರೆ. ಲಿಪಿಕಾರರು ಅದನ್ನು ನಡುವೆ ಕತ್ತರಿಸಿ ಬರೆಯುತ್ತಾರೆ. ಬೇರೆಡೆ ಅಕ್ಷರ ಮುರಿದರೆ ಸುರುಳಿಯೇ ಓದಲು ಅನರ್ಹವಾಗುವ ಸಂಪ್ರದಾಯದಲ್ಲಿ ಇಲ್ಲಿ ಮಾತ್ರ ಮುರಿದದ್ದೇ ಸರಿ. ಹಿಂಸೆಯಿಂದ ಬಂದ ಶಾಂತಿ ಮುರುಕು ಶಾಂತಿ ಎಂಬ ವಿವರಣೆ ಇಂದು ಎಲ್ಲ ಕಡೆ ಕೇಳಿಬರುತ್ತದೆ. ಕೇಳಲು ಹಿತವಾಗಿದೆ, ನಿಜ. ಆದರೆ ಮುರಿದ ವಾವ್ ಬಗ್ಗೆ ತಾಲ್ಮೂಡಿನ ಕಿದ್ದುಶಿನ್ ಭಾಗದಲ್ಲಿ ಬರುವ ಚರ್ಚೆಗೆ ಹಿಂಸೆಯ ಗೊಡವೆಯೇ ಇಲ್ಲ. ಅಂಗವೈಕಲ್ಯವಿದ್ದ ಯಾಜಕ ನಡೆಸಿದ ಸೇವೆ ಊರ್ಜಿತವೇ ಎಂಬುದು ಅಲ್ಲಿನ ಪ್ರಶ್ನೆ. ‘ಶಾಲೋಮ್’ ಅನ್ನು ‘ಶಾಲೇಮ್’, ಅಂದರೆ ಪೂರ್ಣಾಂಗ, ಎಂದು ಓದಿಕೊಳ್ಳಲು ನಡುವಿನ ವಾವ್ ಅಡ್ಡ ಬರುತ್ತದೆ. ಅದು ಮುರಿದಿದೆ ಎಂದು ಹೇಳಿ ದಾರಿ ಮಾಡಿಕೊಂಡರು. ಇಂದು ನಮ್ಮನ್ನು ಸಂತೈಸುವ ಮುರುಕು ಅಕ್ಷರ ಅಂಗವಿಕಲರನ್ನು ವೇದಿಕೆಯ ಸೇವೆಯಿಂದ ಹೊರಗಿಡುವ ವಾದಕ್ಕೆ ಬಳಕೆಯಾಗಿತ್ತು. ಎರಡೂ ವ್ಯಾಖ್ಯಾನಗಳೇ. ಒಂದನ್ನು ಎತ್ತಿ ಹೇಳುವಾಗ ಇನ್ನೊಂದನ್ನು ಬಚ್ಚಿಡುವುದು ನ್ಯಾಯವಲ್ಲ.

19ನೆಯ ಶತಮಾನದಲ್ಲಿ ವೊಲೊಝಿನ್ ವಿದ್ಯಾಪೀಠದ ಮುಖ್ಯಸ್ಥನಾಗಿದ್ದ ನಫ್ತಾಲಿ ಬರ್ಲಿನ್ ಹೇಳುವುದು ನನಗೆ ಹೆಚ್ಚು ಒಪ್ಪಿಗೆ. ಕೈಯಾರೆ ಕೊಂದವನ ಮನಸ್ಸಿನಲ್ಲಿ ಆ ಕೃತ್ಯ ಕಾವಾಗಿ ಉಳಿಯುತ್ತದೆ, ಅವನು ಸಿಡುಕನಾಗುತ್ತಾನೆ; ಹಾಗಾಗದಿರಲೆಂದು ದೇವರು ಅವನಿಗೆ ಶಾಂತಿ ಕೊಟ್ಟ ಎನ್ನುತ್ತಾನೆ ಆತ. ಬಹುಮಾನ ಇಲ್ಲಿ ಔಷಧಿಯಾಗುತ್ತದೆ. ಆದರೂ ಔಷಧಿ ಸಿಕ್ಕಿದ್ದು ಕೊಂದವನಿಗೆ. ಚೂರನ ಮನೆಗೆ ಏನು ಸಿಕ್ಕಿತು ಎಂಬುದನ್ನು ಮುಂದಿನ ವಚನಗಳೇ ಹೇಳುತ್ತವೆ: ಮಿದ್ಯಾನ್ಯರ ಮೇಲೆ ಬೀಳಿರಿ ಎಂಬ ಆಜ್ಞೆ.

ಇದೆಲ್ಲ ಗ್ರಂಥದೊಳಗಿನ ಮಾತಾಗಿ ಉಳಿಯಲಿಲ್ಲ. 1995ರ ನವೆಂಬರ್ 4ರಂದು ಇಸ್ರೇಲಿನ ಪ್ರಧಾನಿ ಇಟ್ಝಾಕ್ ರಾಬಿನ್ ಅವರನ್ನು ಧರ್ಮನಿಷ್ಠ ಕಾನೂನು ವಿದ್ಯಾರ್ಥಿಯೊಬ್ಬ ಗುಂಡಿಟ್ಟು ಕೊಂದ. ರಾಬಿನ್ ‘ರೋದೆಫ್’, ಆದ್ದರಿಂದ ಕೊಲ್ಲಬಹುದು ಎಂಬುದು ಅವನ ಸಮರ್ಥನೆ. ಸನ್ಹೆದ್ರಿನ್‌ನ ಆ ಪುಟದಲ್ಲಿ ರೋದೆಫ್ ಯಾರೆಂಬುದನ್ನು ಮೇಲೆ ನೋಡಿದ್ದೇವೆ: ಈಟಿ ಹಿಡಿದು ಬಂದವನು. ಮಾರನೆಯ ವರ್ಷ, 1996ರಲ್ಲಿ, ಅಮೆರಿಕದ ಸ್ಪೋಕೇನ್ ಪ್ರದೇಶದಲ್ಲಿ ಬಾಂಬಿಟ್ಟು ಬ್ಯಾಂಕ್ ದೋಚಿದ ಬಿಳಿ ಜನಾಂಗವಾದಿಗಳು ತಮ್ಮನ್ನು ಫೀನೆಹಾಸನ ಯಾಜಕರು ಎಂದು ಕರೆದುಕೊಂಡರು. ಅವರು ಬಂದದ್ದು ಅಧ್ಯಾಯಗಳಾಗಿ ಬೈಬಲ್ ಓದುವ ಪರಂಪರೆಯಿಂದ. ರಾಬಿನ್ ಅವರ ಕೊಲೆಗಾರ ಬಂದದ್ದು ನಡುವೆ ಒಂದು ವಾರ ಕಾಯುವ ಪರಂಪರೆಯಿಂದಲೇ. ಆದ್ದರಿಂದ ಆ ವಿರಾಮ ಈಟಿಯನ್ನು ತಡೆಯುತ್ತದೆ ಎಂದು ನಾನು ಹೇಳಲಾರೆ. ಕೊಂದವನನ್ನು ಪ್ರಶ್ನಿಸಲು ಏಳು ದಿನದ ಜಾಗ ಕೊಡುತ್ತದೆ. ಆ ಜಾಗವನ್ನು ಬಳಸುವುದೂ ಬಿಡುವುದೂ ಓದುವವರ ಕೈಯಲ್ಲಿದೆ.

ಬಳಸುವವರಿಗೆ ಫೀನೆಹಾಸನ ಪಾಠದಲ್ಲೇ ಬೇಕಾದಷ್ಟು ಇದೆ. ಅವನ ಹೆಸರು ಹೊತ್ತ ಪಾಠದಲ್ಲಿ ಅವನಿಗೆ ಸಿಗುವುದು ಮೊದಲ ಕೆಲವು ವಚನಗಳು ಮಾತ್ರ. ಜನಗಣತಿ ಮುಗಿದ ಮೇಲೆ ಚಲ್ಪಹಾದನ ಐವರು ಹೆಣ್ಣುಮಕ್ಕಳು ಬಂದು ಮೋಶೆಯ ಎದುರು, ಯಾಜಕನ ಎದುರು, ಇಡೀ ಸಮೂಹದ ಎದುರು ನಿಲ್ಲುತ್ತಾರೆ. ಅದೇ ಗುಡಾರದ ಬಾಗಿಲು. ಗಂಡುಮಕ್ಕಳಿಲ್ಲದ ಅಪ್ಪನ ಪಾಲು ನಮಗೆ ಯಾಕಿಲ್ಲ ಎಂದು ಕೇಳುತ್ತಾರೆ. ಮೋಶೆಗೆ ಉತ್ತರ ತಿಳಿಯದು, ದೇವರ ಬಳಿ ಒಯ್ಯುತ್ತಾನೆ. ಅವರ ಮಾತು ನ್ಯಾಯ ಎಂದು ತೀರ್ಪು ಬರುತ್ತದೆ, ಕಾನೂನು ಬದಲಾಗುತ್ತದೆ. ಕೇಳಿದ್ದರೆ ಬೇಡ ಎನ್ನುತ್ತಿದ್ದರು ಎಂದು ತಾಲ್ಮೂಡು ಹೇಳುವ ಫೀನೆಹಾಸ ಯಾರನ್ನೂ ಕೇಳಲಿಲ್ಲ. ಇವರು ಎಲ್ಲರೆದುರು ಕೇಳಿದರು. ಅದಾದ ಬೆನ್ನಿಗೇ ಮೋಶೆ ತನ್ನ ನಂತರದ ನಾಯಕನಿಗಾಗಿ ಬೇಡುತ್ತಾನೆ. ಆಗತಾನೇ ಒಡಂಬಡಿಕೆ ಪಡೆದ ಫೀನೆಹಾಸ ಅಲ್ಲೇ ಇದ್ದಾನೆ. ಆಯ್ಕೆಯಾಗುವವನು ಯೆಹೋಶುವ.

ತೋರಾದ ಪಾಠದ ಜೊತೆ ಪ್ರವಾದಿಗಳ ಪುಸ್ತಕದಿಂದ ಒಂದು ಭಾಗವನ್ನೂ ಓದುತ್ತಾರೆ. ಫೀನೆಹಾಸನ ಪಾಠಕ್ಕೆ ಗೊತ್ತುಮಾಡಿರುವುದು ಎಲೀಯನ ಕಥೆ. ದೇವರಿಗಾಗಿ ರೋಷಗೊಂಡೆ ಎಂದು ಹೇಳಿಕೊಳ್ಳುವ ಎಲೀಯನ ಮುಂದೆ ಬಿರುಗಾಳಿ, ಭೂಕಂಪ, ಬೆಂಕಿ ಹಾದುಹೋಗುತ್ತವೆ, ಅವುಗಳಲ್ಲಿ ದೇವರಿಲ್ಲ. ಆಮೇಲೆ ಒಂದು ಮೆಲುದನಿ. ಕೊನೆಗೆ, ನಿನ್ನ ಜಾಗಕ್ಕೆ ಬೇರೊಬ್ಬನನ್ನು ಅಭಿಷೇಕಿಸು ಎಂಬ ಅಪ್ಪಣೆ. ಫೀನೆಹಾಸನೇ ಎಲೀಯ ಎನ್ನುವ ಮಿದ್ರಾಶ್ ಕೂಡ ಇದೆ. ಇದಕ್ಕಿಂತ ಮೊನಚಾದ ವಿಮರ್ಶೆಯನ್ನು ಯಾರು ಬರೆದಾರು? ಆದರೆ ಪಂಚಾಂಗದ ಲೆಕ್ಕಾಚಾರದಿಂದಾಗಿ ಬಹುತೇಕ ವರ್ಷಗಳಲ್ಲಿ ಈ ಪಾಠ ಶೋಕದ ಮೂರು ವಾರಗಳೊಳಗೆ ಬೀಳುತ್ತದೆ. ಆಗ ಎಲೀಯನನ್ನು ಬಿಟ್ಟು ಯೆರೆಮೀಯನನ್ನು ಓದುತ್ತಾರೆ. ಏಳು ದಿನ ಕಾಯಿಸಿದ ಪಂಚಾಂಗವೇ ಈ ವಿಮರ್ಶೆಯನ್ನು ಹೆಚ್ಚಿನ ವರ್ಷ ಬದಿಗೆ ಸರಿಸುತ್ತದೆ.

ಮರುವಾರದ ‘ಮತ್ತೋತ್’ ಪಾಠದಲ್ಲಿ ಮಿದ್ಯಾನ್ಯರ ಮೇಲೆ ಯುದ್ಧ ನಡೆಯುತ್ತದೆ. ಪವಿತ್ರ ಪಾತ್ರೆಗಳನ್ನೂ ತುತೂರಿಗಳನ್ನೂ ಹಿಡಿದು ಸೈನ್ಯದೊಡನೆ ಹೋಗುವವನು ಫೀನೆಹಾಸ. ಸತ್ತ ಐವರು ಅರಸರ ಪಟ್ಟಿಯಲ್ಲಿ ಚೂರನ ಹೆಸರಿದೆ. ಬರ್ಲಿನ್ ಹೇಳಿದ ಔಷಧಿ ಇನ್ನೂ ಹಿಡಿದಿರಲಿಲ್ಲ ಅನ್ನಿಸುತ್ತದೆ.

ಯೆಹೋಶುವನ ಪುಸ್ತಕದ 22ನೆಯ ಅಧ್ಯಾಯದಲ್ಲಿ ಫೀನೆಹಾಸ ಮತ್ತೆ ಬರುತ್ತಾನೆ. ಯೊರ್ದನ್ ಹೊಳೆಯ ಪೂರ್ವದ ಕುಲಗಳು ಒಂದು ಬಲಿಪೀಠ ಕಟ್ಟಿವೆ, ಉಳಿದವರು ಅದನ್ನು ಧರ್ಮದ್ರೋಹವೆಂದು ತಿಳಿದು ಯುದ್ಧಕ್ಕೆ ಸೇರಿದ್ದಾರೆ. ವಿಚಾರಿಸಲು ಹತ್ತು ಮಂದಿ ನಾಯಕರ ಜೊತೆ ಫೀನೆಹಾಸನನ್ನು ಕಳಿಸುತ್ತಾರೆ. ಅವನು ಹೋಗಿ ಕೇಳುತ್ತಾನೆ. ಇದು ಬಲಿಗಾಗಿ ಅಲ್ಲ, ನಾವೂ ನಿಮ್ಮವರೇ ಎಂಬುದಕ್ಕೆ ಸಾಕ್ಷಿಗಾಗಿ ಕಟ್ಟಿದ್ದು ಎಂದು ಅವರು ವಿವರಿಸುತ್ತಾರೆ. ಅವರ ಮಾತು ಅವನಿಗೆ ಸರಿಕಾಣುತ್ತದೆ, ಯುದ್ಧವಿಲ್ಲದೆ ಹಿಂದಿರುಗುತ್ತಾನೆ. ತೋರಾದ ಸುರುಳಿ ಮೋಶೆಯ ಸಾವಿನೊಂದಿಗೆ ಮುಗಿಯುವುದರಿಂದ ಈ ಫೀನೆಹಾಸ ಅದರೊಳಗೆ ಇಲ್ಲ.