ಬೆರಳಿಗೆ ದಕ್ಕದ ನೋಟು

ಐವತ್ತು ರೂಪಾಯಿಯ ಹೊಸ ನೋಟಿನ ಹಿಂಬದಿಯಲ್ಲಿ ಹಂಪಿಯ ಕಲ್ಲಿನ ರಥವಿದೆ. ಹಾಸ್ಟೆಲಿನ ಗೆಳೆಯನಿಗೆ ಅದನ್ನು ಅಭಿಮಾನದಿಂದ ವಿವರಿಸುತ್ತಿದ್ದೆ. "ರಥ ಇರ್ಲಿ ಮಾರಾಯ, ಇದು ಐವತ್ತರ ನೋಟು ಅಂತ ನಂಗೆ ಹೇಗೆ ಗೊತ್ತಾಗ್ಬೇಕು?" ಎಂದ. ಅವನಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಪಠ್ಯ, ಓದುಗ, ಓದಿನ ಕ್ರಮ ಎಂದು ನಾಲ್ಕು ವರ್ಷದಿಂದ ಪ್ರಬಂಧ ಬರೆಯುತ್ತಿರುವ ನನಗೆ, ಎಲ್ಲರ ಕೈ ದಾಟುವ ಈ ಪಠ್ಯ ಯಾವ ಓದುಗನನ್ನು ಕಲ್ಪಿಸಿಕೊಂಡು ಅಚ್ಚಾಗಿದೆ ಎಂಬ ಪ್ರಶ್ನೆ ಹೊಳೆದದ್ದು ಆಗಲೇ.

ನಮ್ಮ ನೋಟು ಹಿಂದಿ, ಇಂಗ್ಲಿಷ್ ಸೇರಿ 17 ಭಾಷೆಗಳಲ್ಲಿ ತನ್ನ ಬೆಲೆ ಹೇಳಿಕೊಳ್ಳುತ್ತದೆ. ಕನ್ನಡವೂ ಇದೆ. ಹದಿನೇಳೂ ಹೇಳುವುದು ಕಣ್ಣಿಗೇ. 2016ರ ನಂತರದ ಸರಣಿಯಲ್ಲಿ ಸ್ವಚ್ಛ ಭಾರತದ ಗುರುತಾಗಿ ಗಾಂಧಿಯವರ ಕನ್ನಡಕವೂ ಬಂದಿದೆ. (ಯಾರಾದರೂ ಕಾದಂಬರಿಯಲ್ಲಿ ಹೀಗೆ ಬರೆದಿದ್ದರೆ, ವ್ಯಂಗ್ಯ ತೀರಾ ಢಾಳಾಯಿತು ಎಂದು ನಾನೇ ಷರಾ ಹಾಕುತ್ತಿದ್ದೆ.)

ಬೆರಳಿನ ಓದಿಗೆ ಮೊದಲ ಆಸರೆ ಅಳತೆ. 1996ರಲ್ಲಿ ಶುರುವಾದ ಸರಣಿಯಲ್ಲಿ 50ರ ನೋಟು 147 ಮಿ.ಮೀ. ಉದ್ದ, 100ರದು 157, 500ರದು 167. ಹೊಸ ಸರಣಿಯಲ್ಲಿ 50ರದು 135, 100ರದು 142, 200ರದು 146, 500ರದು 150. ಅಗಲ ಈ ನಾಲ್ಕಕ್ಕೂ 66. ಇನ್ನೂರಕ್ಕೂ ಐನೂರಕ್ಕೂ ನಡುವೆ ಬರೀ 4 ಮಿ.ಮೀ.; ಅದೂ ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡಿದರೆ. ಜೇಬಿನಲ್ಲಿ ಒಂದೇ ನೋಟಿದ್ದರೆ ಯಾವುದರ ಜೊತೆ ಹೋಲಿಸುವುದು? ಇನ್ನೂ ಗೋಜಲೆಂದರೆ, ಹಳೆಯ ನೂರರ ನೋಟು ಈಗಲೂ ಚಲಾವಣೆಯಲ್ಲಿದೆ. ಅದು ಹೊಸ ಐನೂರಕ್ಕಿಂತ ಉದ್ದ! ದೊಡ್ಡ ನೋಟಿಗೆ ದೊಡ್ಡ ಬೆಲೆ ಎಂದು ಬೆರಳು ಕಲಿತಿದ್ದ ವ್ಯಾಕರಣವೇ ತಲೆಕೆಳಗು.

ಉಬ್ಬು ಗುರುತುಗಳಿವೆ, ನಿಜ. ನೂರಕ್ಕೆ ತ್ರಿಕೋನ, ಐನೂರಕ್ಕೆ ವೃತ್ತ. ಅಂಚಿನಲ್ಲಿ ಓರೆ ಗೆರೆಗಳು, ನೂರಕ್ಕೆ ನಾಲ್ಕು, ಐನೂರಕ್ಕೆ ಐದು. ಗರಿಗರಿ ನೋಟಾದರೆ ಗೆಳೆಯ ಪತ್ತೆ ಹಚ್ಚುತ್ತಾನೆ. ಸಂತೆ, ಬಸ್ಸು ಸುತ್ತಿ ಬೆವರು ಕುಡಿದ ನೋಟಾದರೆ ಆಗುವುದಿಲ್ಲ. ಹೊಸ ಸರಣಿಯ ಐವತ್ತು ಮತ್ತು ಅದಕ್ಕಿಂತ ಕೆಳಗಿನವಕ್ಕಂತೂ ಆ ಗುರುತೇ ಇಲ್ಲ. ಬಸ್ಸು, ಟೀ, ಜೆರಾಕ್ಸು ಎಂದು ವಿದ್ಯಾರ್ಥಿಯ ದಿನ ಕಳೆಯುವುದು ಈ ಸಣ್ಣ ನೋಟುಗಳಲ್ಲೇ.

2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ 'ಮನಿ' ಎಂಬ ಆ್ಯಪ್ ತಂದಿತು. ಕ್ಯಾಮೆರಾ ಎದುರು ನೋಟು ಹಿಡಿದರೆ ಬೆಲೆ ಹೇಳುತ್ತದೆ, ಇಂಟರ್ನೆಟ್ ಬೇಡ. ಒಳ್ಳೆಯದೇ. ಆದರೆ ಇದು ಪಠ್ಯವನ್ನು ತಿದ್ದದೆ ಓದುಗನ ಕೈಗೊಂದು ಟಿಪ್ಪಣಿ ಕೊಟ್ಟ ಹಾಗೆ. ಬಸ್ಸಿನಲ್ಲಿ ಒಂದು ಕೈ ಕಂಬಿ ಹಿಡಿದಿರುತ್ತದೆ, ಇನ್ನೊಂದರಲ್ಲಿ ನೋಟು. ಫೋನಿಗೆ ಮೂರನೇ ಕೈ ಎಲ್ಲಿಂದ ತರುವುದು?

ಅಮೆರಿಕದಲ್ಲಿ ಎಲ್ಲ ನೋಟುಗಳೂ ಒಂದೇ ಅಳತೆಯವು. ಅಂಧರು ಹೇಗೋ ನಿಭಾಯಿಸುತ್ತಿದ್ದಾರಲ್ಲ ಎಂಬುದು ಅಲ್ಲಿನ ಸರ್ಕಾರದ ವಾದಗಳಲ್ಲೊಂದು. 2008ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ನಡೆಯಲಾಗದವರು ತೆವಳಿಕೊಂಡೋ ಯಾರಾದರೂ ಎತ್ತಿಕೊಂಡೋ ಒಳಗೆ ಬರಬಲ್ಲರು ಎಂದ ಮಾತ್ರಕ್ಕೆ ಕಟ್ಟಡ ಅವರಿಗೆ ತೆರೆದಿದೆ ಎನ್ನಲಾಗುತ್ತದೆಯೇ ಎಂಬುದು ಆ ತೀರ್ಪಿನ ಧಾಟಿ. ನಮ್ಮ ಕತೆ, ಸಿನಿಮಾಗಳಲ್ಲಿ ಈ ಪ್ರಶ್ನೆ ಬರುವುದು ಅಪರೂಪ. ಅಲ್ಲಿ ಕುರುಡನ ಕೈಗೆ ಸಣ್ಣ ನೋಟು ತುರುಕಿದವನು ಖಳ, ಸರಿಯಾಗಿ ಕೊಟ್ಟವನು ನಾಯಕ. ನೋಟಿನ ಮೇಲೆ ಯಾರೂ ಅನುಮಾನ ಪಡುವುದಿಲ್ಲ.

ಗೆಳೆಯನದು ಮಡಿಕೆಯ ಲಿಪಿ. ಐನೂರನ್ನು ಉದ್ದಕ್ಕೆ ಮಡಿಸುತ್ತಾನೆ, ಇನ್ನೂರನ್ನು ಅಡ್ಡಕ್ಕೆ, ನೂರನ್ನು ಮಡಿಸುವುದೇ ಇಲ್ಲ. ಆದರೆ ಮೊದಲ ಸಲ ಯಾರಾದರೂ ಓದಿ ಹೇಳಬೇಕು. ಹೋದ ತಿಂಗಳು ಆ ಕೆಲಸ ನನ್ನ ಪಾಲಿಗೆ ಬಂತು. ಮಾತಿನ ಭರದಲ್ಲಿ ಇನ್ನೂರರ ನೋಟನ್ನು ಉದ್ದಕ್ಕೆ ಮಡಿಸಿ ಕೊಟ್ಟೆ. ಎರಡು ದಿನದ ಮೇಲೆ ಅವನು ಆಟೋದವರ ಜೊತೆ, ಕೊಟ್ಟದ್ದು ಐನೂರು ಎಂದು ಜಗಳವಾಡಿಕೊಂಡು ಬಂದ. ಆಟೋದವರು ಸುಳ್ಳು ಹೇಳಿರಲಿಲ್ಲ.