ಒಂದೇ ಅಚ್ಚಿನ ಮೇಲೆ

ಆರು ವರ್ಷ ನಾನು ಕಾರಿನ ಬಣ್ಣ ತಿದ್ದಿದ್ದು ಡ್ಯುಯಲ್ ಆಕ್ಷನ್ ಮಷೀನಿನಲ್ಲಿ. ಈ ಕೆಲಸ ಮಾಡುವವರ ಬಾಯಲ್ಲಿ ಅದು ಡಿಎ. ಈ ಯುಗಾದಿಗೆ ಸ್ವಲ್ಪ ಮುಂಚೆ ಅದನ್ನು ಬದಿಗಿಟ್ಟು ರೋಟರಿ ಕೈಗೆತ್ತಿಕೊಂಡೆ. ನಮ್ಮ ಟಿಂಕರಿಂಗ್ ಶೆಡ್ಡುಗಳಲ್ಲಿ ಬಫಿಂಗ್ ಮಷೀನ್ ಎನ್ನುವುದು ಇದನ್ನೇ. ‘ಎಲ್ಲರೂ ರೋಟರಿ ಬಿಟ್ಟು ಡಿಎಗೆ ಬರುತ್ತಿದ್ದರೆ ನೀವ್ಯಾಕೆ ಉಲ್ಟಾ ಹೊರಟಿರಿ?’ ಎಂದು ಅಂಕಣ ಓದುವ ಗೆಳೆಯರು ಕೇಳುತ್ತಿದ್ದಾರೆ. ಅದಕ್ಕೆ ಉತ್ತರ ಒಂದು ಕಪ್ಪು ಕಾರಿನಿಂದ ಶುರುವಾಗುತ್ತದೆ.

ಕಾರು ನನ್ನ ಭಾವನದು, ಹನ್ನೊಂದು ವರ್ಷದ್ದು. ಅವರ ಅಪಾರ್ಟ್‌ಮೆಂಟಿನಲ್ಲಿ ದಿನಾ ಬೆಳಿಗ್ಗೆ ಒಂದೇ ಬಕೆಟ್ ನೀರು, ಒಂದೇ ಬಟ್ಟೆಯಲ್ಲಿ ಹತ್ತು ಕಾರು ಒರೆಸುವ ಪದ್ಧತಿ. ಆ ಬಟ್ಟೆಯಲ್ಲಿ ಸಿಕ್ಕಿಕೊಂಡ ಮರಳಿನ ಕಣ ಒಂದೊಂದೂ ಗೀರು ಬರೆಯುತ್ತದೆ. ಬಿಸಿಲಿನಲ್ಲಿ ನಿಲ್ಲಿಸಿ ನೋಡಿದರೆ ಬಾನೆಟ್ಟಿನಲ್ಲಿ ಕಾಣುವ ಸೂರ್ಯನ ಸುತ್ತ ಜೇಡರ ಬಲೆ. ಟಾಪಿನ ಮೇಲೆ ಬೋರ್‌ವೆಲ್ ನೀರಿನ ಸುಣ್ಣದ ಉಂಗುರಗಳು, ಹಕ್ಕಿಯ ಹಿಕ್ಕೆ ಕೊರೆದ ಎರಡು ಗುಳಿ. ಬೆಂಗಳೂರಿನ ಕಾರಿಗೆ ಇವು ಇದ್ದದ್ದೇ. ನನ್ನನ್ನು ಕೆರಳಿಸಿದ್ದು ಬೇರೆ. ಮಗಳ ಮದುವೆಗೆ ಮುಂಚೆ ಭಾವ ಕಾರನ್ನು ಒಂದು ಕಡೆ ರಬ್ಬಿಂಗ್ ಪಾಲಿಷ್‌ಗೆ ಬಿಟ್ಟಿದ್ದರು. ಸಂಜೆ ವಾಪಸು ಕೊಟ್ಟಾಗ ಕನ್ನಡಿಯಂತಿತ್ತು. ನಾಲ್ಕು ಸಲ ತೊಳೆದ ಮೇಲೆ ಬಾಗಿಲುಗಳ ಉದ್ದಕ್ಕೂ ಬಾಚಣಿಗೆ ಎಳೆದಂಥ ಅಲೆಗಳು ಎದ್ದುಬಂದವು. ನಾವು ನಡೆದರೆ ಅವೂ ನಮ್ಮ ಜೊತೆ ನಡೆಯುತ್ತವೆ. ಇದಕ್ಕೆ ಹೊಲೊಗ್ರಾಂ ಎನ್ನುತ್ತಾರೆ. ‘ದುಡ್ಡು ಕೊಟ್ಟು ಹಾಳು ಮಾಡಿಸಿಕೊಂಡೆನೇನಪ್ಪಾ?’ ಎಂದು ಭಾವ ಕೇಳಿದಾಗ ಹೌದೆನ್ನಲು ನನಗೆ ಬಾಯಿ ಬರಲಿಲ್ಲ.

ಆ ಅಲೆ ಎಬ್ಬಿಸಿದ್ದು ರೋಟರಿ. ಅದರ ಪ್ಯಾಡ್ ಕುಂಬಾರನ ತಿಗರಿಯಂತೆ ಒಂದೇ ಅಚ್ಚಿನ ಮೇಲೆ, ಒಂದೇ ದಿಕ್ಕಿಗೆ ತಿರುಗುತ್ತದೆ. ಡಿಎ ಪ್ಯಾಡಿನದು ಒರಳುಗುಂಡಿನ ನಡೆ; ಗುಂಡು ಒರಳಿನೊಳಗೆ ಸುತ್ತು ಹೊಡೆಯುತ್ತಲೇ ತನ್ನ ಸುತ್ತ ತಾನೂ ಹೊರಳುತ್ತದಲ್ಲ, ಹಾಗೆ. ಇಟಲಿಯ ರೂಪೆಸ್ ಕಂಪನಿಯ ಬಿಗ್‌ಫುಟ್ ಮಷೀನುಗಳಲ್ಲಿ ಆ ಸುತ್ತಿನ ಅಗಲ 15 ಮಿಲಿಮೀಟರ್, ದೊಡ್ಡದರಲ್ಲಿ 21. ಉಜ್ಜುವ ದಿಕ್ಕು ಕ್ಷಣಕ್ಷಣಕ್ಕೂ ಬದಲಾಗುವುದರಿಂದ ಕಣ್ಣಿಗೆ ಹಿಡಿಯುವಂಥ ಸಾಲು ಬೀಳುವುದಿಲ್ಲ. ಕೈ ಭಾರ ಹೆಚ್ಚಾದರೆ ಪ್ಯಾಡ್ ತಿರುಗುವುದನ್ನು ಬಿಟ್ಟು ಬರೀ ನಡುಗುತ್ತದೆ, ಹಾಗಾಗಿ ಬಣ್ಣ ಸುಡುವ ಭಯ ಕಡಿಮೆ. ಹೊಸಬರ ಕೈಗೆ ಡಿಎ ಕೊಡಬೇಕು ಎಂದು ಇದೇ ಅಂಕಣದಲ್ಲಿ ಬರೆದಿದ್ದೆ. ಆ ಮಾತು ಇವತ್ತಿಗೂ ನನ್ನದೇ.

ಭಾವನ ಕಾರಿನಲ್ಲಿ ತೊಡಕಾದದ್ದು ಆ ನಿಂತುಬಿಡುವ ಗುಣವೇ. ಬಾಗಿಲಿನ ನಡುವೆ ಒಂದು ಏಣು ಹಾದುಹೋಗಿದೆ, ಅದರ ಕೆಳಗೆ ಒಳಬಾಗು. ಅಲ್ಲಿ ಪ್ಯಾಡಿನ ಎರಡು ಅಂಚು ತಗಡಿಗೆ ತಾಗುತ್ತವೆ, ನಡು ತಾಗುವುದಿಲ್ಲ. ಹಿಂಬದಿಯ ತಟ್ಟೆಯ ಮೇಲೆ ಮಾರ್ಕರಿನಿಂದ ಎಳೆದುಕೊಂಡ ಗೆರೆ ಸುತ್ತುತ್ತಿದೆಯೋ ನಿಂತಿದೆಯೋ ಎಂದು ನೋಡುವುದರಲ್ಲೇ ಒಂದು ಇಡೀ ಮಧ್ಯಾಹ್ನ ಕಳೆಯಿತು. ಗೀರು ಉಜ್ಜಿ ತೆಗೆಯುವ ಪೇಸ್ಟ್, ಅಂದರೆ ಕಂಪೌಂಡ್, ಮೂರು ಸಲ ಹಾಕಿದರೂ ಅರ್ಧ ಅಲೆ ಅಲ್ಲೇ ಉಳಿದಿತ್ತು. ಆ ಸಂಜೆ ಮನಸ್ಸಿನಲ್ಲಿ ಕೂತದ್ದು ಒಂದೇ ಯೋಚನೆ: ಯಾವ ಯಂತ್ರ ಈ ಅಲೆ ಎಬ್ಬಿಸಿತೋ ಅದೇ ಯಂತ್ರದಿಂದ ಅದನ್ನು ಇಳಿಸುವುದನ್ನು ಕಲಿಯಬೇಕು.

ವಿಲ್ಸನ್ ಗಾರ್ಡನ್ನಿನ ಒಂದು ಪೇಂಟಿಂಗ್ ಶೆಡ್ಡಿನಲ್ಲಿ ನಲವತ್ತು ವರ್ಷದಿಂದ ಇದೇ ಕೆಲಸ ಮಾಡಿಕೊಂಡು ಬಂದ ಹಿರಿಯರೊಬ್ಬರಿದ್ದಾರೆ. ಎಲ್ಲರಿಗೂ ಅವರು ಭಾಯ್. ಬಾಗಿಲಿನ ಫೋಟೊ ತೋರಿಸಿದೆ. ‘ಇದು ಮಷೀನ್ ಮಾಡಿದ್ದಲ್ಲ ಸಾರ್, ಅರ್ಜೆಂಟ್ ಮಾಡಿದ್ದು. ಕಟಿಂಗ್ ಮಾಡೌರೆ, ಫಿನಿಷಿಂಗ್ ಬಿಟ್ಟೌರೆ. ಮೇಲೆ ಎಣ್ಣೆ ಪಾಲಿಷ್ ಬಳಿದು ಗಾಡಿ ಕೊಟ್ಬಿಟ್ಟೌರೆ,’ ಅಂದರು. ಎಣ್ಣೆ, ವ್ಯಾಕ್ಸ್ ಬೆರೆತ ಪಾಲಿಷ್ ಗೀರಿನೊಳಗೆ ತುಂಬಿಕೊಂಡು ಕೆಲವು ದಿನ ಅದನ್ನು ಮರೆಮಾಡುತ್ತದೆ, ಶಾಂಪೂ ಬಿದ್ದ ಹಾಗೆ ತೊಳೆದುಹೋಗುತ್ತದೆ. ನಾನು ರೋಟರಿ ಕಲಿಯಬೇಕು ಅಂದಾಗ ಅವರು ನನ್ನ ಕೈ ಹಿಡಿದು ಬೆರಳುಗಳನ್ನು ನೋಡಿದರು. ‘ಮೊದ್ಲು ಗುಜರಿಯಿಂದ ಒಂದು ಬಾನೆಟ್ ತನ್ನಿ. ಅದನ್ನ ಬೇಕೂಂತ್ಲೇ ಸುಡಿ. ಎಲ್ಲಿ ಸುಡುತ್ತೆ ಅಂತ ಕೈಗೆ ಗೊತ್ತಾಗ್ಬೇಕು.’

ಶಿವಾಜಿನಗರದ ಗುಜರಿಯಲ್ಲಿ ಸಾವಿರದ ಇನ್ನೂರು ರೂಪಾಯಿಗೆ ಕಡುನೀಲಿ ಮೆಟಾಲಿಕ್ ಬಣ್ಣದ ಒಂದು ಬಾನೆಟ್ ಸಿಕ್ಕಿತು. ಎರಡು ಸ್ಟೂಲಿನ ಮೇಲೆ ಅದನ್ನು ಮಲಗಿಸಿ, ತೊಳೆದು, ಮೀಟರ್ ಇಟ್ಟು ಬಣ್ಣದ ದಪ್ಪ ಅಳೆದೆ. ನಡುವೆ 112 ಮೈಕ್ರಾನ್. ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. ಅಂದರೆ ಒಂದೂವರೆ ಕೂದಲಿನಷ್ಟು ದಪ್ಪದೊಳಗೆ ತುಕ್ಕು ತಡೆಯುವ ಪದರ, ಪ್ರೈಮರ್, ಬಣ್ಣ, ಮೇಲಿನ ಕ್ಲಿಯರ್ ಕೋಟ್ ನಾಲ್ಕೂ ಅಡಗಿವೆ. ನಾವು ತಿದ್ದುವುದು ಕ್ಲಿಯರ್ ಕೋಟ್ ಒಂದನ್ನೇ. ಕಾರ್ಖಾನೆಯ ಬಣ್ಣದಲ್ಲಿ ಅದು ಹೆಚ್ಚಾಗಿ 35ರಿಂದ 50 ಮೈಕ್ರಾನ್ ಇರುತ್ತದೆ. ಬಿಸಿಲಿನ ಅತಿನೇರಳೆ ಕಿರಣ ತಡೆಯುವ ರಾಸಾಯನಿಕ ಇರುವುದೂ ಅದರಲ್ಲೇ, ಆದ್ದರಿಂದ ಕಾರಿನ ಇಡೀ ಆಯುಷ್ಯದಲ್ಲಿ ನಮ್ಮ ಪಾಲಿಗೆ ಬರುವುದು ಕೆಲವೇ ಮೈಕ್ರಾನ್. ಏಣುಗಳಲ್ಲಿ ಇದು ಇನ್ನೂ ತೆಳು, ಯಾಕೆಂದರೆ ಸಿಂಪಡಿಸಿದ ಹಸಿ ಬಣ್ಣ ಚೂಪಾದ ಜಾಗದಿಂದ ಸರಿದು ಎರಡೂ ಬದಿಗೆ ಹರಿದು ಕೂರುತ್ತದೆ. ಮೀಟರ್ ಒಟ್ಟು ದಪ್ಪ ಹೇಳುತ್ತದೆಯೇ ಹೊರತು ಅದರಲ್ಲಿ ಕ್ಲಿಯರ್ ಎಷ್ಟು ಎಂದು ಹೇಳುವುದಿಲ್ಲ.

ಬಿಳಿ ಉಣ್ಣೆಯ ಪ್ಯಾಡ್ ಹಾಕಿ, ಕಂಪೌಂಡ್ ಸವರಿ, ವೇಗವನ್ನು ನಿಮಿಷಕ್ಕೆ 2,000 ಸುತ್ತಿಗೆ ಏರಿಸಿ, ಏಣಿನ ಮೇಲೆ ಪ್ಯಾಡಿನ ಅಂಚನ್ನು ಇಟ್ಟು ಕದಲದೆ ನಿಂತೆ. ಮೊದಲು ಬಂದದ್ದು ವಾಸನೆ, ಕಾದ ಪ್ಲಾಸ್ಟಿಕ್ಕಿನ ಘಾಟು. ಕಂಪೌಂಡ್ ಒಣಗಿ ಪುಡಿಯಾಗಿ ಹಾರಿತು. ಹತ್ತು ಎಣಿಸುವಷ್ಟರಲ್ಲಿ ಉಣ್ಣೆಯ ಮೇಲೆ ತೆಳುವಾದ ನೀಲಿ ಗೆರೆ ಕಾಣಿಸಿಕೊಂಡಿತು. ಕ್ಲಿಯರ್ ಕೋಟಿನ ಪುಡಿ ಬಿಳಿ. ಪ್ಯಾಡಿಗೆ ನೀಲಿ ಹತ್ತಿತೆಂದರೆ ಕ್ಲಿಯರ್ ಮುಗಿದು ಬಣ್ಣಕ್ಕೆ ಇಳಿದಿದ್ದೇನೆ ಎಂದರ್ಥ. ಇನ್ನೆರಡು ಕ್ಷಣಕ್ಕೆ ಅಕ್ಕಿಕಾಳಿನಷ್ಟು ಜಾಗದಲ್ಲಿ ಬೂದು ಪ್ರೈಮರ್ ಇಣುಕಿತು. ಮಷೀನ್ ಎತ್ತಿ, ಆ ಬೂದು ಚುಕ್ಕೆಯನ್ನೇ ತುಂಬ ಹೊತ್ತು ನೋಡಿದೆ. ಗುಜರಿ ಬಾನೆಟ್ ಆದರೂ ಎದೆ ಡವಗುಟ್ಟಿತು. ಅದಾದ ಮೇಲೆ ಯಾವ ಕಾರಿನ ಏಣಿಗೂ ಮಾಸ್ಕಿಂಗ್ ಟೇಪ್ ಅಂಟಿಸದೆ ನಾನು ರೋಟರಿಯ ಸ್ವಿಚ್ ಒತ್ತಿಲ್ಲ.

ಇಷ್ಟು ಬೇಗ ಸುಡುವುದಕ್ಕೆ ಕಾರಣ ಸರಳ ಲೆಕ್ಕ. 150 ಮಿಲಿಮೀಟರ್ ಪ್ಯಾಡ್ ನಿಮಿಷಕ್ಕೆ 1,500 ಸುತ್ತು ತಿರುಗಿದರೆ ಅದರ ಅಂಚು ಗಂಟೆಗೆ ಸುಮಾರು 42 ಕಿಲೋಮೀಟರ್ ವೇಗದಲ್ಲಿ ಬಣ್ಣದ ಮೇಲೆ ಓಡುತ್ತಿರುತ್ತದೆ. 180 ಮಿಲಿಮೀಟರ್ ಪ್ಯಾಡಿಗೆ 3,000 ಸುತ್ತು ಕೊಟ್ಟರೆ ನೂರು ಕಿಲೋಮೀಟರ್ ದಾಟುತ್ತದೆ. ಅದೇ ಹೊತ್ತಿಗೆ ಪ್ಯಾಡಿನ ನಟ್ಟನಡುವೆ ವೇಗ ಸೊನ್ನೆ. ಓರೆ ಹಿಡಿದರೆ ಆ ಓಡುವ ಅಂಚು ಮಾತ್ರ ತಗಡಿಗೆ ತಾಗುತ್ತದೆ. ಸುಡುವುದೂ ಅಲೆ ಏಳುವುದೂ ಅಲ್ಲೇ. ಹಾಗಾಗಿ ರೋಟರಿ ಕೊಳ್ಳುವವರಿಗೆ ನಾನು ಹೇಳುವುದು: ಎಷ್ಟು ವೇಗ ಏರುತ್ತದೆ ಎಂದು ಕೇಳುವ ಮೊದಲು ಎಷ್ಟು ಕೆಳಗಿಳಿಯುತ್ತದೆ ಎಂದು ಕೇಳಿ. ನನ್ನದು ಮಕಿಟಾ 9237ಸಿ, 600ರಿಂದ 3,200ರವರೆಗೆ ಹೋಗುತ್ತದೆ, ಸುಮಾರು ಮೂರು ಕೆಜಿ ತೂಕ. ಆ 3,200ರ ಹತ್ತಿರಕ್ಕೆ ನಾನು ಇವತ್ತಿನವರೆಗೂ ಹೋಗಿಲ್ಲ.

ಕೈಗೆ ಹೊಂದಿಕೊಂಡ ಮೇಲೆ ಅದರ ನಡೆ ನೊಗಕ್ಕೆ ಪಳಗಿದ ಎತ್ತಿನದು. ಮೇಲಿನಿಂದ ನೋಡಿದರೆ ಪ್ಯಾಡ್ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತದೆ. ಎಡಬದಿಗೆ ಕೂದಲೆಳೆಯಷ್ಟು ಭಾರ ಕೊಟ್ಟರೆ ಮಷೀನ್ ನನ್ನ ಕಡೆಗೆ ಬರುತ್ತದೆ, ಬಲಬದಿಗೆ ಕೊಟ್ಟರೆ ದೂರ ಸರಿಯುತ್ತದೆ. ಮುಂಬದಿಗೆ ಕೊಟ್ಟರೆ ಎಡಕ್ಕೆ, ಹಿಂಬದಿಗೆ ಕೊಟ್ಟರೆ ಬಲಕ್ಕೆ. ತಳ್ಳುವ ಕೆಲಸವೇ ಇಲ್ಲ. ಮೊದಲ ವಾರ ಇದು ಗೊತ್ತಿಲ್ಲದೆ ಅದರ ಜೊತೆ ಹೋರಾಡಿ ಭುಜ ಹಿಡಿದುಕೊಂಡಿತ್ತು. ವೈರನ್ನು ಹೆಗಲ ಮೇಲಿಂದ ಬೆನ್ನಿಗೆ ಹಾಕಿಕೊಳ್ಳಬೇಕು, ವಾಚು, ಬೆಲ್ಟು, ಉಂಗುರ ಬಿಚ್ಚಿಡಬೇಕು. ತುದಿಗೆ ಬಂದಾಗ ಪ್ಯಾಡ್ ತಗಡಿನ ಮೇಲಿಂದ ಹೊರಕ್ಕೆ ಓಡುತ್ತಿರಬೇಕು, ಹೊರಗಿನಿಂದ ಏಣನ್ನು ಹತ್ತಬಾರದು.

ಕಾವಿನ ವಿಷಯದಲ್ಲಿ ನನ್ನ ಹೆದರಿಕೆ ಬಿಡಿಸಿದ್ದು ಚನ್ನಪಟ್ಟಣ. ಅಲ್ಲಿ ಬೊಂಬೆ ಕಡೆಯುವವರ ಎದುರು ಕೂತು ನೋಡಿದ್ದೇನೆ. ಹಾಲೆ ಮರದ ತುಂಡು ತಿರುಗುತ್ತಿರುವಾಗ ಅರಗಿನ ಕಡ್ಡಿ ಒತ್ತಿ ಹಿಡಿಯುತ್ತಾರೆ, ಉಜ್ಜಿದ ಕಾವಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಮೇಲೆ ತಾಳೆಗರಿ ಒತ್ತಿದರೆ ಆ ಅರಗು ಸಮನಾಗಿ ಹರಡಿ ಹೊಳೆಯುತ್ತದೆ. ಅಲ್ಲೂ ಒಂದೇ ಅಚ್ಚು, ಒಂದೇ ದಿಕ್ಕು. ಎಷ್ಟು ಕಾವಿಗೆ ಗರಿ ತೆಗೆಯಬೇಕು ಎನ್ನುವುದನ್ನು ಅವರು ಬೆರಳಿನಲ್ಲೇ ಅರಿಯುತ್ತಾರೆ. ನಾನು ಪ್ರತಿ ಸುತ್ತಿನ ನಂತರ ಅಂಗೈಯ ಹಿಂಬದಿಯನ್ನು ತಗಡಿಗೆ ತಾಗಿಸುತ್ತೇನೆ. ಸ್ನಾನದ ನೀರಿನಂಥ ಬಿಸಿ ಸರಿ. ಕೈ ತಾನಾಗಿ ಹಿಂದಕ್ಕೆ ಬಂದರೆ ಆ ಜಾಗ ಬಿಟ್ಟು ಬೇರೆ ಕಡೆ ಹೋಗುತ್ತೇನೆ. ಉಣ್ಣೆಯ ಪ್ಯಾಡಿನೊಳಗೆ ಗಾಳಿ ಆಡುವುದರಿಂದ ಅದು ಫೋಮಿಗಿಂತ ತಣ್ಣಗಿರುತ್ತದೆ ಎನ್ನುವುದು ಕೈಗೇ ತಿಳಿಯುತ್ತದೆ.

ರೋಟರಿಯನ್ನು ಹೆಚ್ಚಿನವರು ಕೊಳ್ಳುವುದು ಗೀರು ಬೇಗ ತೆಗೆಯಲಿ ಎಂದು. ನನ್ನ ಅನುಭವದಲ್ಲಿ ಅದರ ನಿಜವಾದ ಗುಣ ಕಾಣುವುದು ಕೊನೆಯ ಸುತ್ತಿನಲ್ಲಿ. ಮೆತ್ತನೆಯ ಫೋಮ್ ಪ್ಯಾಡ್, ನುಣುಪು ಪಾಲಿಷ್. 600ರಲ್ಲಿ ಹರಡಿ, 1,200ಕ್ಕೆ ಏರಿಸಿ, ಆಮೇಲೆ 900ಕ್ಕೆ ಇಳಿಸುತ್ತೇನೆ. ಎರಡಡಿ ಚೌಕ ಸಾಕು. ಮಷೀನಿನ ತೂಕವೇ ಭಾರ, ಕೈಯದ್ದು ಬರೀ ಆಧಾರ. ಒಂದು ಸೆಕೆಂಡಿಗೆ ಒಂದು ಇಂಚು ಮಾತ್ರ ಸಾಗಬೇಕು, ಪ್ರತಿ ಸಾಲೂ ಹಿಂದಿನ ಸಾಲಿನ ಅರ್ಧ ತುಳಿಯಬೇಕು. ಕೆಲವು ಪಾಲಿಷುಗಳ ಅಲ್ಯುಮಿನಿಯಂ ಆಕ್ಸೈಡ್ ಕಣಗಳು ಉಜ್ಜಿದಷ್ಟೂ ಒಡೆದು ನುಣ್ಣಗಾಗುತ್ತವೆ, ಆ ಕೆಲಸಕ್ಕೆ ಹೊತ್ತು ಬೇಕು. ಬಿಳಿಯಾಗಿದ್ದ ಪಾಲಿಷ್ ಮೆಲ್ಲನೆ ಎಣ್ಣೆಯ ಪೊರೆಯಂತೆ ಪಾರದರ್ಶಕವಾಗುತ್ತದೆ, ಮಷೀನಿನ ಸದ್ದೂ ಒಂದು ಮನೆ ಕೆಳಗಿಳಿದಂತೆ ಕೇಳುತ್ತದೆ. ಇದಕ್ಕೆ ಹಳೆಯ ಕೆಲಸಗಾರರು ಜ್ಯುವೆಲಿಂಗ್ ಎನ್ನುತ್ತಾರೆ. ಕಪ್ಪು ಬಣ್ಣದ ಮೇಲೆ ಆಗ ಬರುವ ಆಳ ಡಿಎಯಲ್ಲಿ ನನಗೆ ಒಮ್ಮೆಯೂ ಬಂದಿರಲಿಲ್ಲ. ತುಂಬಿದ ಬಾವಿಯೊಳಗೆ ಬಗ್ಗಿ ನೋಡಿದ ಹಾಗಿರುತ್ತದೆ.

ಹಳೆಯ ಕಾರುಗಳಿಗಂತೂ ಈ ನಿಧಾನದ ಸುತ್ತು ಚೆನ್ನಾಗಿ ಒಪ್ಪುತ್ತದೆ. ಹಳೆಯ ಪದ್ಮಿನಿ, ಅಂಬಾಸಿಡರುಗಳ ಬಣ್ಣಕ್ಕೆ ಮೇಲೆ ಕ್ಲಿಯರ್ ಕೋಟ್ ಇರುತ್ತಿರಲಿಲ್ಲ, ಬಣ್ಣವೇ ಮೇಲ್ಪದರ. ಅಲ್ಲಿ ಪ್ಯಾಡಿಗೆ ಬಣ್ಣ ಹತ್ತುವುದು ಸಹಜ, ಗಾಬರಿಯಾಗಬೇಕಿಲ್ಲ. ಸುಣ್ಣದಂತೆ ಮಾಸಿದ ಆ ಬಣ್ಣ ಸತ್ತ ಪೊರೆ ಕಳಚಿಕೊಂಡು ಒಳಗಿನ ಕೆಂಪು, ಹಸಿರು ತೋರಿಸುವುದನ್ನು ಕಂಡಾಗ ಕಣ್ಣು ತುಂಬುತ್ತದೆ.

ಡಿಎಯನ್ನು ನಾನು ಮಾರಿಲ್ಲ. ಬಂಪರಿಗೆ ಅದೇ ಬೇಕು. ಪ್ಲಾಸ್ಟಿಕ್ ಕಾವನ್ನು ಹಂಚಿಕೊಳ್ಳುವುದಿಲ್ಲ, ಉಜ್ಜಿದ ಜಾಗದಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ನನ್ನ ಮೀಟರ್ ಅಲ್ಲಿ ದಪ್ಪವನ್ನೂ ಹೇಳುವುದಿಲ್ಲ. ಹಿಂದೆ ಯಾರೋ ಮರುಬಣ್ಣ ಹೊಡೆಸಿದ ತಗಡಿಗೂ, ಒಮ್ಮೆ ಜೋರಾಗಿ ಉಜ್ಜಿಸಿಕೊಂಡ ಟಾಪಿಗೂ ಡಿಎ. ವಾರಕ್ಕೆ ಒಂದು ಕಾರನ್ನೂ ಮುಟ್ಟದವರು ರೋಟರಿಗೆ ಬರಬೇಕಾದ ಅಗತ್ಯವೇ ಇಲ್ಲ, ಈ ಕೈ ಬಿಟ್ಟರೆ ಬೇಗ ಮರೆಯುತ್ತದೆ.

ಭಾವನ ಕಾರು ಕಳೆದ ಭಾನುವಾರ ಮುಗಿಯಿತು. ಹನ್ನೊಂದು ಗಂಟೆಯ ಬಿಸಿಲಿಗೆ ತಂದು ನಿಲ್ಲಿಸಿ, ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಪ್ರತಿ ತಗಡನ್ನೂ ಒರೆಸಿದೆ. ಗೀರಿನಲ್ಲಿ ತುಂಬಿಕೊಂಡ ಎಣ್ಣೆಯೆಲ್ಲ ಹೋಗಿ ಇದ್ದದ್ದು ಇದ್ದ ಹಾಗೆ ಕಾಣುತ್ತದೆ. ಬಾನೆಟ್ ಶುಭ್ರ. ಟಾಪಿನ ಉಂಗುರಗಳು ಹೋಗಿವೆ. ಹಿಕ್ಕೆಯ ಒಂದು ಗುಳಿ ಆಳವಿದ್ದುದರಿಂದ ಅದನ್ನು ಹಾಗೇ ಬಿಟ್ಟೆ, ಅಷ್ಟು ಕ್ಲಿಯರ್ ಕಳೆಯಲು ಮನಸ್ಸಾಗಲಿಲ್ಲ. ಬಲಬದಿಯ ಎರಡು ಬಾಗಿಲಲ್ಲೂ ಸೂರ್ಯ ಒಂದು ಚುಕ್ಕೆಯಾಗಿ ನಿಂತಿದ್ದ, ಸುತ್ತ ಬಲೆ ಇಲ್ಲ, ಅಲೆ ಇಲ್ಲ. ಭಾವ ಮೂರು ಸುತ್ತು ಬಂದು, ಬಾಗಿಲಿಗೆ ಕೈ ಹಾಕಲು ಹೋಗಿ, ಹಿಂತೆಗೆದುಕೊಂಡರು. ಎಡ ಮುಂಬಾಗಿಲಿನ ಹಿಡಿಕೆಯ ಕೆಳಗೆ, ಜಾಗ ಸಾಲದೆ ನಾನು ಮಷೀನನ್ನು ಓರೆ ಮಾಡಿದ್ದ ಕಡೆ, ಅಂಗೈಯಗಲದ ಅಲೆ ಇನ್ನೂ ಉಳಿದಿದೆ. ಅವರಿಗೆ ಅದು ಕಾಣಲಿಲ್ಲ. ನಾನೇ ಬೆರಳಿಟ್ಟು ತೋರಿಸಿದೆ. ಮೂರಿಂಚಿನ ಪ್ಯಾಡೂ ಅದಕ್ಕೆ ಹೊಂದುವ ತಟ್ಟೆಯೂ ಜೆ.ಸಿ. ರಸ್ತೆಯಿಂದ ತಂದಿಟ್ಟಿದ್ದೇನೆ. ಈ ಭಾನುವಾರ ಬೆಳಿಗ್ಗೆ ತಗಡು ತಣ್ಣಗಿರುವಾಗಲೇ ಬರಲು ಭಾವನಿಗೆ ಹೇಳಿದ್ದೇನೆ.